ಬೋಳು ಹುಲ್ಲು

ಟಿಕೆಟ್ ಕೊಡುವವನು ಅವಳ ಕೈಯಲ್ಲಿದ್ದ ನೋಟು ನೋಡಿ ನಕ್ಕ. ನಿಮಗ್ಯಾಕೆ ಟಿಕೆಟ್ಟು ಅಕ್ಕ, ನೀವು ಪಾರ್ಕಿನವರೇ ಅಲ್ವಾ, ಹೋಗಿ ಒಳಗೆ ಎಂದ. ಇವತ್ತು ಕೆಲಸಕ್ಕೆ ಬಂದಿಲ್ಲ, ಸುಮ್ಮನೆ ನೋಡೋಕೆ ಬಂದಿದ್ದು, ಎಲ್ಲರ ಹಾಗೆ ನನಗೂ ಕೊಡು ಎಂದು ಅವಳು ಹಟ ಹಿಡಿದಳು. ಸರಿ, ನಿಮ್ಮಿಷ್ಟ ಎನ್ನುವ ಹಾಗೆ ತಲೆಯಾಡಿಸಿ ಅವನು ಹಸಿರು ಪುಸ್ತಕ ಬಿಟ್ಟು ಹಳದಿ ಪುಸ್ತಕದಿಂದ ಒಂದು ಚೀಟಿ ಹರಿದು ಕೊಟ್ಟ. ಹಳದಿಯದು ಹಿರಿಯ ನಾಗರಿಕರದು. ವಯಸ್ಸೆಷ್ಟು ಎಂದು ಕೇಳುವ ಸೌಜನ್ಯವೂ ಅವನಿಗಿರಲಿಲ್ಲ. ಅರವತ್ತಮೂರು ತುಂಬಿದ್ದು ನಿಜವೇ, ಚೀಟಿ ಪಡೆಯುವ ಹಕ್ಕೂ ಇತ್ತು. ಆದರೆ ಕೇಳಿದ್ದರೆ ಅವಳೇ ಹೇಳುತ್ತಿದ್ದಳು, ಅವನು ಹೌದಾ ಅಕ್ಕ, ಗೊತ್ತೇ ಆಗಲ್ಲ ಎನ್ನುತ್ತಿದ್ದ, ಸುಳ್ಳಾದರೂ ಒಂದು ಮಾತು ಕೈಗೆ ಸಿಗುತ್ತಿತ್ತು. ನಿನ್ನೆ ಬೆಳಿಗ್ಗೆಯಿಂದ ಅವಳು ಯಾರೊಂದಿಗೂ ಮಾತಾಡಿರಲಿಲ್ಲ. ಚೀಟಿಯನ್ನು ಎರಡಾಗಿ ಮಡಿಸಿ ಕೈಚೀಲದಲ್ಲಿ ಹಾಕಿಕೊಂಡು ಗೇಟು ದಾಟಿದಳು.

ಗುರುವಾರವೇ ಬಂದದ್ದಕ್ಕೆ ಕಾರಣವಿತ್ತು. ಗುರುವಾರ ಬೀಜದ ಗುಂಪಿನವರು ಯಾರೂ ಇರುವುದಿಲ್ಲ. ಈ ಪಾರ್ಕು ಹಿಂದೊಮ್ಮೆ ಹುಲ್ಲುಗಾವಲೂ ಜೌಗೂ ಆಗಿದ್ದ ಜಾಗವಂತೆ. ಆಮೇಲೆ ಯಾರೋ ಕಾಲುವೆ ತೋಡಿ ನೀರು ಬಸಿದು ಹೊಲ ಮಾಡಿದರು, ಹೊಲವೂ ಕೈಕೊಟ್ಟ ಮೇಲೆ ಊರಿನ ಕಸ ಸುರಿದರು, ಹದಿನೆಂಟು ವರ್ಷದ ಹಿಂದೆ ಕಸ ಎತ್ತಿ, ಕಾಲುವೆಗೆ ಮಣ್ಣು ಹೊಡೆದು, ನೀರನ್ನು ಅದರ ಪಾಡಿಗೆ ನಿಲ್ಲಲು ಬಿಟ್ಟರು. ನೀರು ತಾನಾಗಿ ಬಂತು. ಹುಲ್ಲು ಬರಲಿಲ್ಲ. ಹುಲ್ಲನ್ನು ಬಿತ್ತಬೇಕಾಯಿತು, ಒಂದೊಂದು ಜಾತಿಯದನ್ನೂ ರಸ್ತೆ ಬದಿಯಲ್ಲಿ, ರೈಲು ಹಳಿಯ ಪಕ್ಕದಲ್ಲಿ, ಸ್ಮಶಾನದ ಬೇಲಿಯೊಳಗೆ ಅಳಿದುಳಿದ ಬುಡಗಳಿಂದ ಹುಡುಕಿ, ಬೀಜ ಕಿತ್ತು, ಚೀಲ ತುಂಬಿ. ಆ ಕೆಲಸಕ್ಕೆ ಸಂಬಳವಿಲ್ಲದ ಒಂದು ಗುಂಪಿತ್ತು. ನಿವೃತ್ತಿಯಾದ ವರ್ಷವೇ ಅವಳು ಸೇರಿಕೊಂಡಳು. ಮೂವತ್ತೆರಡು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ರಕ್ತದ ಕಣ ನೋಡಿದವಳು ಎಂದು ತಿಳಿದ ದಿನದಿಂದ ಎಲ್ಲರ ಬಾಯಲ್ಲೂ ಲ್ಯಾಬ್ ಅಕ್ಕನಾದಳು. ಮೊನ್ನೆ ಪಾರ್ಕಿನ ಮೇಡಂ ಗುಂಪಿನ ಎಲ್ಲರ ಮೊಬೈಲಿಗೂ ಸಂದೇಶ ಹಾಕಿದ್ದರು: ಬರುವ ಭಾನುವಾರದಿಂದ ಬೀಜ ಕೀಳುವುದು ಶುರು, ಈ ವರ್ಷ ಎಲ್ಲ ಚೀಲಗಳನ್ನೂ ಲ್ಯಾಬ್ ಅಕ್ಕ ಒಬ್ಬರೇ ಪರೀಕ್ಷಿಸುತ್ತಾರೆ, ಅವರ ಕಣ್ಣು ತಪ್ಪಿಸಿ ಒಂದು ಕಾಳೂ ಒಳಗೆ ಹೋಗುವಂತಿಲ್ಲ. ಕೆಳಗೆ ಹದಿನಾರು ಜನ ಚಪ್ಪಾಳೆಯ ಚಿತ್ರ ಕಳಿಸಿದ್ದರು. ಅವಳು ಆ ಚಪ್ಪಾಳೆಗಳನ್ನು ಎರಡು ದಿನದಿಂದ ನೋಡುತ್ತಿದ್ದಳು, ಮತ್ತು ಪ್ರತಿ ಸಲ ಫೋನನ್ನು ಬೋರಲು ಮಾಡಿ ಇಡುತ್ತಿದ್ದಳು.

ಮರದ ಹಲಗೆಯ ಕಾಲುದಾರಿ ಹುಲ್ಲುಗಾವಲಿನ ನಡುವೆ ಬಳುಕಿಕೊಂಡು ಹೋಗುತ್ತದೆ. ಎರಡೂ ಬದಿಗೆ ಹುಲ್ಲು ಸೊಂಟದ ಮಟ್ಟ ಬಂದಿತ್ತು. ತೆನೆ ಕಟ್ಟಿ ಬಣ್ಣ ತಿರುಗುವ ಕಾಲ. ಗುಂಪಿನಲ್ಲಿ ಬರುವಾಗ ಇಲ್ಲಿ ಎಷ್ಟು ಮಾತಿರುತ್ತಿತ್ತು, ಯಾರ ಮಂಡಿ, ಯಾರ ಸೊಸೆ, ಯಾರ ಮನೆ ಮೇಲಿನ ನೀರಿನ ಟ್ಯಾಂಕಿ. ಅವಳು ಹೆಚ್ಚು ಮಾತಾಡದಿದ್ದರೂ ಆ ಮಾತಿನ ಮಧ್ಯೆ ನಡೆಯುವುದೇ ಅವಳಿಗೆ ವಾರದ ಊಟವಾಗಿತ್ತು. ಈಗ ಹಲಗೆಯ ಮೇಲೆ ತನ್ನ ಚಪ್ಪಲಿಯ ಸದ್ದು ತನಗೇ ಜೋರಾಗಿ ಕೇಳಿ, ಯಾರಾದರೂ ನೋಡಿಯಾರು ಎಂಬಂತೆ ಹೆಜ್ಜೆ ಹಗುರ ಮಾಡಿದಳು. ಮದುವೆಯಾಗದ ಹೆಣ್ಣು ಒಬ್ಬಳೇ ಎಲ್ಲಿಗೆ ಹೋದರೂ ಏನೋ ಕಾರಣ ಹೇಳಬೇಕು ಎಂಬ ಅಭ್ಯಾಸ ಅವಳಿಗೆ ಇಪ್ಪತ್ತರಲ್ಲಿ ಅಂಟಿದ್ದು ಇನ್ನೂ ಬಿಟ್ಟಿರಲಿಲ್ಲ. ತಂಗಿ ಫೋನ್ ಮಾಡಿ ಎಲ್ಲಿದ್ದೀಯಾ ಎಂದರೆ ತರಕಾರಿಗೆ ಬಂದಿದ್ದೆ ಅನ್ನುವುದು ಎಂದು ಮನಸ್ಸಿನಲ್ಲೇ ಸಿದ್ಧ ಮಾಡಿಕೊಂಡಳು. ತಂಗಿ ಫೋನ್ ಮಾಡುವುದು ತಿಂಗಳಿಗೊಮ್ಮೆ, ಅದೂ ತನ್ನ ಗಂಡನ ರಕ್ತದ ರಿಪೋರ್ಟು ಓದಿ ಅರ್ಥ ಕೇಳಲಿಕ್ಕೆ.

ತಿರುವಿನಲ್ಲಿ ಕಪ್ಪು ಹಾಳೆಗಳು ಕಂಡವು. ಆಡುವ ಮೈದಾನದಷ್ಟು ಜಾಗಕ್ಕೆ ದಪ್ಪ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆಲ್ಲ ಮರಳಿನ ಮೂಟೆ ಹೇರಿದ್ದರು. ಬೋಳು ಹುಲ್ಲಿನ ನಿರ್ಮೂಲನೆ ನಡೆದಿದೆ, ದಯವಿಟ್ಟು ಒಳಗೆ ಕಾಲಿಡಬೇಡಿ ಎಂದು ಬೋರ್ಡಿತ್ತು. ಬಿಸಿಲಿಗೆ ಕಾದು ಕೆಳಗಿನ ಬೇರೂ ಬೀಜವೂ ಬೆಂದು ಸಾಯಲಿ ಎಂದು ಈ ಏರ್ಪಾಡು. ಎರಡು ಬೇಸಿಗೆ ಬೇಕು ಎಂದಿದ್ದರು ಮೇಡಂ. ಮೀಸೆ ಹುಲ್ಲು, ಬೋಳು ಹುಲ್ಲು ಎಂಬ ಹೆಸರು ಗುಂಪಿನವರೇ ಇಟ್ಟದ್ದು. ನಿಂತಾಗ ಎರಡೂ ಒಂದೇ, ಅದೇ ಎತ್ತರ, ಅದೇ ಬಾಗಿದ ತೆನೆ. ಬೀಜ ಉದುರಿಸಿ ಲೆನ್ಸ್ ಹಿಡಿದರೆ ಮೀಸೆ ಹುಲ್ಲಿನ ಬೀಜದ ಬುಡದಲ್ಲಿ ಸಣ್ಣ ರೋಮದ ಒಂದು ಸುತ್ತು ಇರುತ್ತದೆ, ಇನ್ನೊಂದಕ್ಕೆ ಇಲ್ಲ. ಮೀಸೆಯದು ಈ ನೆಲದ ಹಳೆಯ ಹುಲ್ಲು, ಹತ್ತು ಜಾತಿಗೆ ಜಾಗ ಬಿಟ್ಟು ಬೆಳೆಯುತ್ತದೆ. ಬೋಳು ಎಲ್ಲಿಂದಲೋ ಬಂದದ್ದು, ಯಾರಿಗೂ ಜಾಗ ಬಿಡದು. ಅದರ ಒಂದು ಇಡೀ ಚೀಲ ಈ ಮೈದಾನಕ್ಕೆ ಬಿದ್ದಿತ್ತು. ಆ ಚೀಲ ಅವಳದು.

ಕಿತ್ತವರು ತಮ್ಮ ಚೀಲ ತಾವು ಪರೀಕ್ಷಿಸಬಾರದು ಎಂಬುದು ಗುಂಪಿನ ಕಟ್ಟಳೆ. ಪರೀಕ್ಷಿಸುವವರು ಆಗ ಇಬ್ಬರು: ಅವಳು, ಮತ್ತು ಮೇಷ್ಟ್ರು. ಮೇಷ್ಟ್ರು ಎಂದರೆ ಡ್ರಾಯಿಂಗ್ ಮೇಷ್ಟ್ರು, ನಿವೃತ್ತರು, ಅವಳಿಗಿಂತ ಏಳೆಂಟು ವರ್ಷ ದೊಡ್ಡವರು. ಚೀಲಕ್ಕೆ ಕಟ್ಟುವ ಚೀಟಿಯಲ್ಲಿ ಜಾಗ, ದಿನ, ಪರೀಕ್ಷಿಸಿದವರ ಸಹಿ, ಅಷ್ಟೇ. ಕಿತ್ತವರ ಹೆಸರು ಬರೆಯುವ ರೂಢಿ ಇರಲಿಲ್ಲ, ಕೀಳುವವರು ಹಲವರು, ನೋಡಿದವರದ್ದೇ ಹೊಣೆ. ಎರಡು ವರ್ಷದ ಹಿಂದಿನ ಆ ಸಂಜೆ ಬಸ್ಸಿಗೆ ಹೊತ್ತಾಗಿತ್ತು. ಮೇಷ್ಟ್ರು ಲೆನ್ಸಿಗೆ ಕೈ ಹಾಕಿದಾಗ ಅವಳೇ ತಡೆದಳು. ನನ್ನ ಚೀಲದಲ್ಲಿ ಏನು ನೋಡ್ತೀರಿ ಮೇಷ್ಟ್ರೇ, ಸಹಿ ಹಾಕಿ ಸಾಕು ಎಂದಳು. ನಿಮ್ಮ ಕಣ್ಣಿಗಿಂತ ದೊಡ್ಡ ಲೆನ್ಸ್ ನನ್ನ ಹತ್ತಿರ ಎಲ್ಲಿದೆಯಮ್ಮ ಎಂದು ನಕ್ಕು ಅವರು ಸಹಿ ಹಾಕಿದರು. ಡ್ರಾಯಿಂಗ್ ಮೇಷ್ಟ್ರ ಸಹಿ, ಕೊನೆಯ ಅಕ್ಷರಕ್ಕೆ ಉದ್ದ ಬಾಲ, ನೂರು ಸಹಿಗಳ ನಡುವೆ ಇಟ್ಟರೂ ಗುರುತು ಸಿಗುವಂಥದು. ಹೋದ ವರ್ಷ ಮೈದಾನದ ತುಂಬ ಬೋಳು ಹುಲ್ಲು ಎದ್ದು ನಿಂತಾಗ ಮೇಡಂ ಫೈಲಿನಿಂದ ತೆಗೆದದ್ದು ಆ ಚೀಟಿಯನ್ನೇ. ಸಭೆಯಲ್ಲಿ ಅವರು ಯಾರನ್ನೂ ಬೈಯಲಿಲ್ಲ, ತುಂಬ ಒಳ್ಳೆಯ ಹೆಣ್ಣುಮಗಳು, ಚೀಟಿಯನ್ನು ಮೇಜಿನ ಮೇಲಿಟ್ಟರು, ಅಷ್ಟೇ. ಮೇಷ್ಟ್ರ ಬಲಗಣ್ಣಿಗೆ ಪೊರೆ ತೆಗೆಸಿ ಆಗ ವರ್ಷವೂ ಆಗಿರಲಿಲ್ಲ. ಹದಿನಾರು ಜನವೂ ಒಟ್ಟಿಗೆ ಆ ಕಣ್ಣನ್ನು ನೋಡಿದರು. ಮೇಷ್ಟ್ರು ಚೀಟಿಯನ್ನು ಹತ್ತಿರ ಹಿಡಿದು, ದೂರ ಹಿಡಿದು, ನನ್ನ ಕಣ್ಣು ಮೊದಲಿನ ಹಾಗಿಲ್ಲ, ಕ್ಷಮಿಸಬೇಕು ಎಂದರು. ಅವರ ಎದುರಿನ ಕುರ್ಚಿಯಲ್ಲೇ ಕೂತಿದ್ದ ಅವಳು ಚಹಾದ ಲೋಟ ಎತ್ತಿ ಕುಡಿದಳು. ಲೋಟ ಖಾಲಿಯಿತ್ತು. ಮೇಷ್ಟ್ರು ಮುಂದಿನ ಭಾನುವಾರದಿಂದ ಬರಲಿಲ್ಲ.

ಈಗ ಹಾಳೆಯ ಅಂಚಿನಲ್ಲಿ, ಮೂಟೆಗಳ ಸಂದಿಯಿಂದ, ಏಳೆಂಟು ತೆನೆ ತಲೆಯೆತ್ತಿ ನಿಂತಿದ್ದವು. ಹಾಳೆಯ ಕೆಳಗಿನಿಂದಲೇ ಬಂದವು, ಇವು ಬೋಳು, ಅನುಮಾನವೇ ಇಲ್ಲ. ದಾರಿಯ ಆಚೆಗೆ ಮಡಿ ಮಾಡಿ ಮರದ ಪಟ್ಟಿಯ ಮೇಲೆ ಹೆಸರು ಬರೆದು ಬೆಳೆಸಿದ ಮೀಸೆ ಹುಲ್ಲು ಇತ್ತು. ಆಚೆ ಈಚೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಅವಳು ಎರಡರಿಂದಲೂ ಬೀಜ ಉದುರಿಸಿಕೊಂಡಳು, ಬಲ ಅಂಗೈಯಲ್ಲಿ ಬೋಳು, ಎಡ ಅಂಗೈಯಲ್ಲಿ ಮೀಸೆ. ದಾರಿ ಬದಿಯ ಬೆಂಚಿನ ಮೇಲೆ ಕರವಸ್ತ್ರ ಹಾಸಿ ಎರಡು ಗುಡ್ಡೆ ಮಾಡಿದಳು. ಕೊರಳ ದಾರದಲ್ಲಿದ್ದ ಲೆನ್ಸನ್ನು ಕಣ್ಣಿಗೊತ್ತಿ ಬಗ್ಗಿದಳು. ಬಲಗಡೆಯದಕ್ಕೆ ರೋಮವಿತ್ತು. ಎಡಗಡೆಯದು ನೋಡಿದಳು, ಅದಕ್ಕೂ ಇತ್ತು. ಕನ್ನಡಕ ತೆಗೆದು ನೋಡಿದಳು, ಎರಡೂ ಬೋಳು. ಬಿಸಿಲಿಗೆ ಬೆನ್ನು ಮಾಡಿ, ಬಿಸಿಲಿಗೆ ಮುಖ ಮಾಡಿ, ಎಡಗಣ್ಣು ಮುಚ್ಚಿ, ಬಲಗಣ್ಣು ಮುಚ್ಚಿ ನೋಡಿದಳು. ತಾನು ಏನನ್ನು ನಿರೀಕ್ಷಿಸಿದಳೋ ಅದು ಕಾಣುತ್ತಿತ್ತು, ನಿರೀಕ್ಷೆ ಬದಲಿಸಿದರೆ ಅದೂ ಬದಲಾಗುತ್ತಿತ್ತು. ಹಾಗಾದರೆ ಅವತ್ತು ಸುಸ್ತಿನಿಂದ ತಪ್ಪಿದ್ದಲ್ಲ. ಬಸ್ಸಿನ ಅವಸರದಿಂದಲೂ ಅಲ್ಲ. ಹತ್ತು ತಿಂಗಳಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದ ಆ ಎರಡು ಕಾರಣಗಳೂ ಕರವಸ್ತ್ರದ ಮೇಲೆ ಬಿದ್ದಿದ್ದವು.

ನಿವೃತ್ತಿಗೆ ನಾಲ್ಕು ತಿಂಗಳಿದ್ದಾಗ ಹೊಸದಾಗಿ ಬಂದಿದ್ದ ಡಾಕ್ಟರು ರಕ್ತ ಸವರಿದ ಒಂದು ಗಾಜು ಹಿಡಿದು ಲ್ಯಾಬಿನ ಬಾಗಿಲಲ್ಲಿ ನಿಂತಿದ್ದರು. ಸಿಸ್ಟರ್, ಇದನ್ನ ಇನ್ನೊಂದು ಸಲ ನೋಡ್ತೀರಾ ಎಂದಿದ್ದರು, ಮಗುವಿಗೆ ಹೇಳುವಷ್ಟು ಮೆತ್ತಗೆ. ತಾನು ಸಿಸ್ಟರ್ ಅಲ್ಲ, ಟೆಕ್ನಿಷಿಯನ್ ಎಂದು ಅವಳು ತಿದ್ದಿದಳು. ಗಾಜನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಸರಿಯಾಗಿ ನೋಡದೆಯೇ, ಹೌದು, ತಪ್ಪಾಗಿದೆ, ಗಾಜಿನ ನಂಬರು ಅದಲು ಬದಲಾಗಿರಬೇಕು ಎಂದು ಪಕ್ಕದಲ್ಲಿ ಕೂತಿದ್ದ ಕಿರಿಯಳ ಕಡೆ ಕಣ್ಣು ಹಾಯಿಸಿದಳು. ಕಿರಿಯಳು ತಲೆ ತಗ್ಗಿಸಿ ಗಾಜಿನ ನಂಬರುಗಳನ್ನು ಮತ್ತೆ ಬರೆಯತೊಡಗಿದಳು. ಬೀಳ್ಕೊಡುಗೆಯ ದಿನ ಅದೇ ಹುಡುಗಿ ಅವಳ ಕಾಲಿಗೆ ಬೀಳಲು ಬಗ್ಗಿದಾಗ ಅವಳು ಕಾಲು ಹಿಂದಕ್ಕೆಳೆದುಕೊಂಡಿದ್ದಳು, ಎಲ್ಲರೂ ಅದನ್ನು ವಿನಯ ಎಂದುಕೊಂಡರು. ಕಣ್ಣಿನ ಡಾಕ್ಟರ ಹತ್ತಿರ ಅವಳು ಅದಾದ ಮೇಲೆ ಇವತ್ತಿನವರೆಗೂ ಹೋಗಿಲ್ಲ. ಹೋದರೆ ಅವರು ಹೇಳುತ್ತಾರೆ. ಹೇಳಿದ ಮೇಲೆ ಲ್ಯಾಬ್ ಅಕ್ಕ ಎಂದು ಕರೆಯಲು ಏನು ಉಳಿಯುತ್ತದೆ, ಗಂಡನಿಲ್ಲ, ಮಕ್ಕಳಿಲ್ಲ, ಎರಡು ಕಣ್ಣಿನ ಮೇಲೆ ನಿಂತ ಹೆಂಗಸು. ಕರವಸ್ತ್ರ ಕೊಡವಲು ಎದ್ದವಳು, ಬೋಳು ಬೀಜ ಮತ್ತೆ ನೆಲಕ್ಕೆ ಬಿದ್ದೀತೆಂದು ಹೆದರಿ, ಹಾಗೇ ಗಂಟು ಕಟ್ಟಿ ಚೀಲದಲ್ಲಿಟ್ಟುಕೊಂಡಳು.

ಮೇಡಂಗೆ ಸಂದೇಶ ಕಳಿಸುವುದು ಎಂದು ನಿರ್ಧರಿಸಿದಳು. ಮಂಡಿ ನೋವು, ಡಾಕ್ಟರು ವಿಶ್ರಾಂತಿ ಹೇಳಿದ್ದಾರೆ, ಈ ವರ್ಷ ಬೇರೆ ಯಾರಿಗಾದರೂ ವಹಿಸಿ. ಹಲಗೆ ದಾರಿಯ ಕೊನೆಗೆ, ಜೌಗಿನ ಮೇಲೆ ಚಾಚಿಕೊಂಡಂತೆ, ಹಕ್ಕಿ ನೋಡಲು ಕಟ್ಟಿದ ಮರದ ಗುಡಿಸಲಿದೆ. ಒಳಗೆ ಒಂದು ಉದ್ದ ಬೆಂಚು, ಎದುರು ಗೋಡೆಯಲ್ಲಿ ಕಣ್ಣಿನ ಮಟ್ಟಕ್ಕೆ ಕೊರೆದ ಕಂಡಿ. ಅಲ್ಲಿ ಕೂತು ಟೈಪ್ ಮಾಡುವುದೆಂದು ಒಳಗೆ ಕಾಲಿಟ್ಟಳು. ಬೆಂಚಿನ ತುದಿಯಲ್ಲಿ, ಪಕ್ಕದಲ್ಲಿ ನೀರಿನ ಬಾಟಲಿ ಇಟ್ಟುಕೊಂಡು, ಮೇಷ್ಟ್ರು ಕೂತಿದ್ದರು.

ತಿರುಗಿ ಹೋಗಿಬಿಡಬಹುದಿತ್ತು. ಬೆಳಕಿನಿಂದ ಒಳಗೆ ಬಂದವಳ ಮುಖ ಅವರಿಗೆ ತಕ್ಷಣ ಕಾಣಲಿಕ್ಕಿಲ್ಲ, ಅದರಲ್ಲೂ ಆ ಕಣ್ಣಿಗೆ, ಎಂದು ಅವಳ ಮನಸ್ಸು ಲೆಕ್ಕ ಹಾಕಿತು, ಮತ್ತು ಲೆಕ್ಕ ಹಾಕಿದ್ದಕ್ಕೆ ಅವಳಿಗೇ ಅಸಹ್ಯವಾಯಿತು. ಅಷ್ಟರಲ್ಲಿ ಮೇಷ್ಟ್ರು, ಓಹೋ ಲ್ಯಾಬ್ ಅಕ್ಕ, ಬನ್ನಿ ಬನ್ನಿ ಎಂದು ಸರಿದು ಜಾಗ ಮಾಡಿದರು. ಅವರು ಸಣ್ಣಗಾಗಿದ್ದರು, ಅಂಗಿಯ ಕಾಲರಿನೊಳಗೆ ಕತ್ತು ಸಡಿಲವಾಗಿ ತಿರುಗುತ್ತಿತ್ತು. ಮಗಳಿಗೆ ಈ ಕಡೆ ಏನೋ ಕೆಲಸವಿತ್ತಂತೆ, ಮನೆಯಲ್ಲಿ ಒಬ್ಬರನ್ನೇ ಬಿಡಲು ಮನಸ್ಸಾಗದೆ ಇಲ್ಲಿ ತಂದು ಕೂರಿಸಿದಳಂತೆ, ತಾನು ಬರುವವರೆಗೆ ಏಳಬಾರದು, ಹಲಗೆಯ ಆಚೆ ನೀರಿದೆ ಎಂದು ಎರಡು ಸಲ ಹೇಳಿ ಹೋದಳಂತೆ. ಅದನ್ನು ಅವರು ತಮಾಷೆಯಾಗಿಯೇ ಹೇಳಿದರು. ಸ್ಕೂಟರಿನ ಬೀಗದ ಕೈ ಈಗ ಮಗಳ ಹತ್ತಿರ. ಮಕ್ಕಳಿಗೆ ಚಿತ್ರ ಹೇಳಿಕೊಡುವುದನ್ನೂ ನಿಲ್ಲಿಸಿದ್ದಾರೆ. ಗೆರೆ ಎಲ್ಲಿ ತಪ್ಪಿತು ಎಂದು ಕಾಣದವನು ತಿದ್ದುವುದು ಹೇಗೆ. ಆ ಚೀಟಿಯ ಸುದ್ದಿ ಮನೆಗೂ ಮುಟ್ಟಿತಲ್ಲ, ಅವತ್ತಿಂದ ಮಗಳಿಗೆ ಹೆದರಿಕೆ ಎಂದರು. ಅವಳು ಹೂಂ, ಹೂಂ ಎನ್ನುತ್ತ ಕಂಡಿಯ ಆಚೆ ನೋಡುತ್ತಿದ್ದಳು. ನೀರೂ ಜೌಗಿನ ಆಪು ಹುಲ್ಲೂ ಬೆಳಕೂ ಕಲಸಿಕೊಂಡಿದ್ದವು.

“ಒಂದು ವಿಷಯ ನನ್ನ ತಲೆಯಿಂದ ಹೋಗೋದೇ ಇಲ್ಲ ನೋಡಿ” ಎಂದರು ಮೇಷ್ಟ್ರು. “ನಾನು ಅವತ್ತು ಆ ಚೀಲಾನ ಎರಡು ಸಲ ನೋಡಿದ್ದೆ. ಲೆನ್ಸ್ ಇಟ್ಕೊಂಡು, ಬೆಳಕಿಗೆ ಹಿಡಿದು. ಎರಡು ಸಲಾನೂ ಮೀಸೆ ಕಂಡಿತ್ತು ನಂಗೆ. ಕಣ್ಣು ಇಷ್ಟು ಮೋಸ ಮಾಡುತ್ತೆ ಅಂದ್ರೆ ಇನ್ನೇನು ನಂಬೋದು.”

ಅವಳು ಅವರ ಕಡೆ ತಿರುಗಿದಳು. ಅವರು ಸುಳ್ಳು ಹೇಳುತ್ತಿರಲಿಲ್ಲ. ಹತ್ತು ತಿಂಗಳಲ್ಲಿ ಆ ಸಂಜೆಯನ್ನು ಮತ್ತೆ ಮತ್ತೆ ತಿರುವಿ ಹಾಕಿ, ನೋಡದೆ ಸಹಿ ಹಾಕಿದೆ ಎಂಬುದನ್ನು ಮರೆತು, ನೋಡಿಯೂ ಕಾಣಲಿಲ್ಲ ಎಂದು ನೆನಪು ಕಟ್ಟಿಕೊಂಡಿದ್ದರು. ಮರೆವು ತನ್ನ ಕಡೆಗಿದೆ ಎಂದು ಅವಳಿಗೆ ಹೊಳೆಯಿತು. ಇನ್ನು ಈ ಲೋಕದಲ್ಲಿ ಸತ್ಯ ಗೊತ್ತಿರುವುದು ತನ್ನೊಬ್ಬಳಿಗೇ, ತಾನು ಬಾಯಿ ಮುಚ್ಚಿಕೊಂಡರೆ ಅದು ಇಲ್ಲವೇ ಇಲ್ಲ. ಆ ಕ್ಷಣ ಅವಳಿಗೆ ಆದದ್ದು ಸಂತೋಷವೇ. ಬೆನ್ನ ಮೇಲಿನ ಮೂಟೆ ಯಾರೋ ಇಳಿಸಿದಂತಾಗಿ, ಮೇಷ್ಟ್ರೇ ನೀರು ಕುಡಿಯಿರಿ ಎಂದು ಬಾಟಲಿಯ ಮುಚ್ಚಳ ತೆಗೆದುಕೊಟ್ಟಳು.

ಅವರು ಕುಡಿಯಲಿಲ್ಲ. ಕಂಡಿಗೆ ಮುಖ ಕೊಟ್ಟು, ಸಂಕೋಚದಿಂದ, ಅಲ್ಲಿ ನೋಡಿ, ಆ ಒಣಗಿದ ಕೊಂಬೆ ಇದೆಯಲ್ಲ, ಅದರ ಎಡಕ್ಕೆ ಆಪಿನ ಒಳಗೆ ಏನಾದರೂ ಕೂತಿದೆಯಾ ಎಂದು ಕೇಳಿದರು. ಅವಳು ನೋಡಿದಳು. ಕೊಂಬೆ ಇತ್ತು. ಎಡಕ್ಕೆ ಆಪು ಇತ್ತು. ಏನಿಲ್ಲವಲ್ಲ ಎಂದಳು. ಹೌದೇನೋ, ನನಗೆ ಬೂದು ಬಣ್ಣದ್ದೊಂದು ಕತ್ತು ನೀಟಿಕೊಂಡು ನಿಂತ ಹಾಗೆ ಕಾಣುತ್ತೆ, ಕೊಕ್ಕಿನ ತುದಿ ಹಳದಿ, ಎದೆ ಮೇಲೆ ಗೀಟು ಗೀಟು, ಬಿಡಿ, ನೀವು ಇಲ್ಲ ಅಂದ ಮೇಲೆ ಇಲ್ಲ ಎಂದರು. ಆಮೇಲೆ ಅವಳು ಇಲ್ಲ ಎಂದ ಜಾಗದಿಂದಲೇ ದೊಡ್ಡದೊಂದು ಹಕ್ಕಿ ರೆಕ್ಕೆ ಬಡಿಯುತ್ತ ಎದ್ದಿತು, ಬೂದು ಬಣ್ಣದ್ದು, ಕಾಲು ಹಿಂದಕ್ಕೆ ಚಾಚಿ ಕಂಡಿಯ ಮುಂದೆಯೇ ಹಾದು ಹೋಯಿತು. ಅವಳು ಮೇಷ್ಟ್ರ ಮುಖ ನೋಡಿದಳು. ಗೆದ್ದ ಕಳೆ ಅಲ್ಲಿರಲಿಲ್ಲ. ಅವರು ಕಣ್ಣುಜ್ಜಿಕೊಂಡು, ಅದು ಆಚೆ ಕಡೆಯಿಂದ ಎದ್ದದ್ದಿರಬೇಕು ಅಲ್ವೇ ಎಂದು ಅವಳನ್ನೇ ಕೇಳಿದರು.

ಇದನ್ನು ಅವಳಿಂದ ತಡೆಯಲಾಗಲಿಲ್ಲ. ಅವರ ಬಾಟಲಿಯ ನೀರನ್ನೇ ಒಂದು ಗುಟುಕು ಕುಡಿದಳು.

“ನೀವು ನೋಡಲೇ ಇಲ್ಲ ಮೇಷ್ಟ್ರೇ” ಎಂದಳು. “ಆ ಚೀಲ ನಂದು. ನೀವು ಲೆನ್ಸ್ ತೆಗೆದ್ರಿ, ನಾನೇ ಬೇಡ ಅಂದೆ. ಬಸ್ಸು ಹೋಗುತ್ತೆ, ಸಹಿ ಹಾಕಿ ಅಂದೆ. ನಿಮ್ಮ ಕಣ್ಣಿಗೆ ಏನೂ ಆಗಿಲ್ಲ. ಕಾಣದೆ ಇರೋದು ನನಗೆ.”

ಮೇಷ್ಟ್ರು ಬಹಳ ಹೊತ್ತು ಕಂಡಿಯ ಹಲಗೆಯ ಮೇಲೆ ಬೆರಳಿನಿಂದ ಏನೋ ಗೀಚುತ್ತಿದ್ದರು. ಆ ಸಂಜೆ ಅವರ ನೆನಪಿಗೆ ಮರಳುತ್ತಿದೆ ಎಂದು ಅವಳಿಗೆ ತಿಳಿಯಿತು, ಒಂದೊಂದೇ ಮಾತು, ನಗು, ಚೀಟಿಯ ಮೇಲೆ ಬಾಗಿದ ಕೈ. ಬೈಯುತ್ತಾರೆ ಎಂದುಕೊಂಡಳು. ಬೈದರೆ ಒಳ್ಳೆಯದಿತ್ತು, ಬೈಗುಳಕ್ಕೆ ತಲೆ ತಗ್ಗಿಸಿ ಕೂರುವುದು ಅವಳಿಗೆ ಗೊತ್ತಿತ್ತು.

“ಸಭೆಯಲ್ಲಿ ಎಲ್ಲಾರೂ ನನ್ನ ಕಡೆ ನೋಡಿದ್ರಲ್ಲ” ಎಂದರು ಅವರು, ಅವಳ ಕಡೆ ತಿರುಗದೆ. “ಆಗ ನಿಮಗೆ ಹೇಗಾಯ್ತು?”

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಸಂಕಟವಾಯಿತು ಎನ್ನಬಹುದಿತ್ತು, ಅದು ಪೂರ್ತಿ ಸುಳ್ಳೂ ಅಲ್ಲ, ಸಂಕಟ ಆಮೇಲೆ ಆಯಿತು, ಬಸ್ಸಿನಲ್ಲಿ, ಮನೆಯ ಮೆಟ್ಟಿಲು ಹತ್ತುವಾಗ.

“ಸಮಾಧಾನ ಆಯ್ತು” ಎಂದಳು.

ಅವರು ತಲೆದೂಗಿದರು, ಸರಿಯಾದ ಉತ್ತರ ಹೇಳಿದ ವಿದ್ಯಾರ್ಥಿಗೆ ದೂಗುವಂತೆ. ಜೇಬಿನಿಂದ ಫೋನ್ ತೆಗೆದು, ಕಣ್ಣಿನಿಂದ ಒಂದು ಗೇಣು ದೂರ ಹಿಡಿದು, ತಡವರಿಸದೆ ನಂಬರು ಒತ್ತಿದರು. ಆ ಕಡೆಯಿಂದ ಗಾಬರಿಯ ಹೆಣ್ಣುದನಿ ಕೇಳಿಸಿತು, ಏನಾಯ್ತಪ್ಪ, ಎದ್ದು ಹೊರಗೆ ಹೋದ್ರಾ ಎಂದು. ಏನಾಗಿಲ್ಲ, ಇಲ್ಲೊಬ್ಬರು ನಿನ್ನ ಹತ್ತಿರ ಮಾತಾಡಬೇಕಂತೆ ಎಂದರು ಮೇಷ್ಟ್ರು, ಫೋನನ್ನು ಅವಳ ಕಡೆ ಚಾಚಿದರು. ಅವಳು ಕೈ ಮುಂದೆ ಮಾಡಲಿಲ್ಲ. ಅವರು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಳ್ಳಲಿಲ್ಲ.

“ನನಗೆ ಹೇಳಿದ್ದಾಯ್ತಲ್ಲ” ಎಂದರು. “ಅವಳಿಗೂ ಹೇಳಿ. ನಾನು ಹೇಳಿದ್ರೆ ನಂಬಲ್ಲ ಅವಳು.”

ಕೊನೆಗೆ ಅವಳು ತೆಗೆದುಕೊಂಡ ಫೋನು ಅವರ ಕೈಯ ಬೆವರಿಗೆ ಒದ್ದೆಯಾಗಿತ್ತು. ಯಾರು ಮಾತಾಡ್ತಿರೋದು ಎಂದು ಮಗಳು ಕೇಳಿದಳು, ಮತ್ತೆ ಕೇಳಿದಳು. ಲ್ಯಾಬ್ ಅಕ್ಕ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ನಿಮ್ಮ ತಂದೆಯವರ ಜೊತೆ ಬೀಜ ಕೀಳಲು ಬರುತ್ತಿದ್ದವಳು ಎಂದು ಶುರು ಮಾಡಿ, ಚೀಲ, ಬಸ್ಸು, ಚೀಟಿ, ಸಹಿ, ಎಲ್ಲವನ್ನೂ ರಿಪೋರ್ಟು ಓದುವಂತೆ ಒಂದಾದ ಮೇಲೊಂದು ಹೇಳಿದಳು. ಭಾನುವಾರ ಗುಂಪಿನ ಎದುರಿಗೂ ಹೇಳುತ್ತೇನೆ ಎಂದಳು, ಅದು ಬಾಯಿಂದ ಬಿದ್ದ ಮೇಲೆಯೇ ಹೇಳಬೇಕಾಗುತ್ತದೆ ಎಂದು ತಿಳಿದದ್ದು. ಆ ಕಡೆಯಿಂದ ಯಾವುದೋ ರಸ್ತೆಯ ಸದ್ದು ಕೇಳುತ್ತಿತ್ತು. ಪಕ್ಕದಲ್ಲಿ ಮೇಷ್ಟ್ರು ಎದ್ದು ನಿಂತು, ಕಂಡಿಯ ಆಚೆಗೆ ತಲೆ ಹಾಕಿ, ನೀರಿನ ಉದ್ದಕ್ಕೂ ನೋಡುತ್ತಿದ್ದರು.

“ಸ್ಕೂಟರ್ ಬೀಗದ ಕೈ ಕಿತ್ಕೊಂಡೆ ನಾನು ಅವರ ಹತ್ರ” ಎಂದಳು ಮಗಳು ಕೊನೆಗೆ. ದನಿ ಏರಲಿಲ್ಲ. “ರಾತ್ರಿ ದೀಪ ಹಾಕದೆ ಕೂತಿರ್ತಾರೆ, ಹಾಕಿದ್ರೂ ಅಷ್ಟೇ ಅಲ್ವಾ ಅಂತಾರೆ. ಹತ್ತು ತಿಂಗಳಾಯ್ತು. ಇಷ್ಟು ದಿನ ಎಲ್ಲಿದ್ರಿ ನೀವು?”

ಹೇಳಿಕೊಳ್ಳಲು ಅವಳಿಗೆ ಒಂದು ಪ್ರಯಾಣವಿರಲಿಲ್ಲ, ಕಾಯಿಲೆಯಿರಲಿಲ್ಲ, ಯಾರದೋ ಬಾಣಂತನವಿರಲಿಲ್ಲ.

“ಮನೇಲೇ ಇದ್ದೆ” ಎಂದಳು.